ಮರಳಿನಡಿಯ ತಲಕಾಡು

ನದೀತೀರದ ಮಹಾನಗರಗಳ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ನೆಲದ ಮೇಲಿನ ಅರಮನೆ, ಕೋಟೆ, ಗೋಪುರಗಳನ್ನು ವರ್ಣಿಸಿ ತೃಪ್ತರಾಗುವುದುಂಟು. ಆದರೆ ಅಂತಹ ನಗರಗಳ ಬಾಳುವೆಯಲ್ಲಿ ಒಂದು ಪಾಲು ನೆಲದ ಅಡಿಯಲ್ಲಿ, ಕೆಲವೆಡೆ ನದಿಯ ತಳದಲ್ಲಿಯೇ, ಅಡಗಿರುತ್ತದೆ. ಲಂಡನ್ ನಗರದಲ್ಲಿ ಥೇಮ್ಸ್ ನದಿಯ ಕೆಳಗೆ ಮಾರ್ಕ್ ಬ್ರುನೆಲ್ ಎಂಬ ಶಿಲ್ಪಿಯು ೧೮೨೫ರಲ್ಲಿ ತೋಡಿಸತೊಡಗಿದ ಸುರಂಗವು, ನಡುವೆ ಹಲವು ಸಲ ನದಿಯೇ ಒಳನುಗ್ಗಿ ಕೆಲಸಗಾರರ ಪ್ರಾಣವನ್ನು ತೆಗೆದುಕೊಂಡ ಬಳಿಕ, ೧೮೪೩ರಲ್ಲಿ ಜನರ ಓಡಾಟಕ್ಕೆ ತೆರೆಯಿತು. ಅದೇ ನಗರದಲ್ಲಿ ೧೮೫೮ರ ಬೇಸಗೆಯಲ್ಲಿ ನದಿಯ ದುರ್ಗಂಧವು ತಾಳಲಾರದಷ್ಟಾದಾಗ, ಬಾಜಲ್‌ಗೆಟ್ ಎಂಬವನು ಊರಿನ ಕೊಳೆಯನ್ನೆಲ್ಲ ನೆಲದಡಿಯ ಚರಂಡಿಗಳಲ್ಲಿ ಹರಿಸುವ ಏರ್ಪಾಟನ್ನು ಮಾಡಿದನು. ನಮ್ಮ ದೇಶದಲ್ಲಿಯೂ ಕೋಲ್ಕತ್ತದ ಹೂಗ್ಲಿ ನದಿಯ ಅಡಿಯಲ್ಲಿ ೨೦೨೪ರಿಂದ ರೈಲು ಓಡುತ್ತಿದೆ. ಕಾವೇರಿಯ ಸೀಮೆಯೂ ಇಂತಹ ಸಾಹಸಕ್ಕೆ ಹೊರತಲ್ಲ. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ನಾಲೆಯ ನೀರು ಮಂಡ್ಯದ ಬಯಲನ್ನು ಸೇರುವುದಕ್ಕೆ ಮುಂಚೆ, ಹುಲಿಕೆರೆಯ ಬಳಿ ಸುಮಾರು ಒಂದೂಮುಕ್ಕಾಲು ಮೈಲಿ ದೂರ ಬಂಡೆಯನ್ನು ಕೊರೆದ ಸುರಂಗದೊಳಗೆ ಹರಿದುಹೋಗುತ್ತದೆ.

ಇವೆಲ್ಲವೂ ಮನುಷ್ಯನು ನದಿಯ ಅಡಿಗೋ ಬೆಟ್ಟದ ಅಡಿಗೋ ತಾನಾಗಿ ಇಳಿದ ಕಥೆಗಳು. ಅದೇ ಕಾವೇರಿಯ ದಂಡೆಯಲ್ಲಿ ಇದಕ್ಕೆ ವಿಪರೀತವಾದ ಕಥೆಯೊಂದಿದೆ. ಅಲ್ಲಿ ಮನುಷ್ಯನು ಕೆಳಗಿಳಿಯಲಿಲ್ಲ. ನದಿಯ ತಳವೇ ಎದ್ದುಬಂದು ಅವನ ಪಟ್ಟಣದ ಮೇಲೆ ಕುಳಿತುಕೊಂಡಿತು. ಅದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ತಲಕಾಡು. ಈ ಊರಿನ ಹೆಸರನ್ನು ಕೇಳಿದೊಡನೆ ಕನ್ನಡಿಗರ ಬಾಯಿಗೆ ಬರುವುದು ಅಲಮೇಲಮ್ಮನ ಶಾಪ. ಶಾಪದ ಕಥೆಯು ಎಷ್ಟು ಪ್ರಸಿದ್ಧವೋ ಆ ಮರಳು ಬಂದ ಬಗೆಯೂ, ಮರಳಿನೊಡನೆ ಹೋರಾಡಿದವರ ಪಾಡೂ ಅಷ್ಟೇ ಅಪ್ರಸಿದ್ಧವಾಗಿ ಉಳಿದಿವೆ.

ನಂಜನಗೂಡಿನ ಪಕ್ಕದಲ್ಲಿ ಹರಿದುಬರುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಎರಡು ನದಿಗಳ ನೀರೂ ಎರಡು ನದಿಗಳ ಮರಳೂ ಒಂದಾಗಿ ಮುಂದೆ ಸಾಗಿ, ಮುಡುಕುತೊರೆಯ ಗುಡ್ಡವನ್ನು ದಾಟಿ, ತಲಕಾಡಿನ ಬಳಿ ಬಲವಾದ ಒಂದು ತಿರುವನ್ನು ತೆಗೆದುಕೊಳ್ಳುತ್ತವೆ. ಊರು ಎಡದಂಡೆಯ ಮೇಲಿದೆ; ಎದುರು ದಂಡೆಯಲ್ಲಿ ಮಾಲಂಗಿ. ತಲಕಾಡಿನ ಚರಿತ್ರೆಯೆಲ್ಲವೂ ಈ ತಿರುವಿನ ಸುತ್ತಲೇ ಸುತ್ತುತ್ತದೆ ಎಂದರೆ ತಪ್ಪಾಗಲಾರದು.

ಸಂಸ್ಕೃತದಲ್ಲಿ ಈ ಸ್ಥಳಕ್ಕೆ ತಲವನಪುರವೆಂದೂ ಗಜಾರಣ್ಯಕ್ಷೇತ್ರವೆಂದೂ ಹೆಸರು. ಸ್ಥಳಪುರಾಣದ ಪ್ರಕಾರ, ಶಿವಭಕ್ತನಾದ ಸೋಮದತ್ತನೆಂಬ ಋಷಿಯೂ ಅವನ ಶಿಷ್ಯರೂ ಕಾಡಾನೆಗಳಾಗಿ ಹುಟ್ಟಿ, ಇಲ್ಲಿ ಬೂರುಗದ ಮರವೊಂದನ್ನು ನಿತ್ಯವೂ ಪೂಜಿಸುತ್ತಿದ್ದರಂತೆ. ತಲ, ಕಾಡ ಎಂಬ ಇಬ್ಬರು ಬೇಡರು ಆ ಮರಕ್ಕೆ ಕೊಡಲಿಯ ಪೆಟ್ಟನ್ನು ಹಾಕಲು ಅದರಿಂದ ನೆತ್ತರು ಹರಿಯಿತಂತೆ. ಅಶರೀರವಾಣಿಯ ಅಪ್ಪಣೆಯಂತೆ ಅದೇ ಮರದ ಎಲೆಯನ್ನೂ ಕಾಯನ್ನೂ ಗಾಯಕ್ಕೆ ಹಚ್ಚಲು ಅದು ಮಾಯಿತಂತೆ. ತನ್ನ ಗಾಯಕ್ಕೆ ತಾನೇ ಮದ್ದಾದ ದೇವರು ವೈದ್ಯೇಶ್ವರನೆನಿಸಿಕೊಂಡನು. ಬೇಡರ ಹೆಸರು ಊರಿಗೆ ಬಂದಿತು. ಶಾಪದಿಂದ ಹಾಳಾಯಿತೆಂದು ಲೋಕವು ಹೇಳುವ ಊರಿನ ಮೊದಲನೆಯ ಕಥೆಯು ವಾಸಿಯಾದ ಗಾಯದ ಕಥೆಯಾಗಿರುವುದು ಗಮನಿಸತಕ್ಕದ್ದು.

ಚರಿತ್ರೆಯ ಬೆಳಕಿನಲ್ಲಿ ತಲಕಾಡು ಕಾಣಿಸಿಕೊಳ್ಳುವುದು ಗಂಗರ ರಾಜಧಾನಿಯಾಗಿ. ಕೋಲಾರದಲ್ಲಿ ಆಳಲಾರಂಭಿಸಿದ ಗಂಗರು ಹರಿವರ್ಮನ ಕಾಲದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದರೆಂದು ಹೇಳುತ್ತಾರೆ. ಮುಂದೆ ದೊರೆಗಳು ಮಣ್ಣೆ ಮೊದಲಾದ ಎಡೆಗಳಲ್ಲಿ ವಾಸಿಸಿದರೂ ತಲಕಾಡಿನ ಗಂಗರೆಂಬ ಹೆಸರು ಆ ವಂಶಕ್ಕೆ ನಿಂತುಹೋಯಿತು. ೧೦೦೪ರ ಸುಮಾರಿನಲ್ಲಿ ರಾಜರಾಜ ಚೋಳನ ಸೈನ್ಯವು ಅವನ ಮಗ ರಾಜೇಂದ್ರನ ನಾಯಕತ್ವದಲ್ಲಿ ಊರನ್ನು ಹಿಡಿಯಲು, ತಲಕಾಡು ರಾಜರಾಜಪುರವಾಯಿತು. ಎದುರು ದಂಡೆಯ ಮಾಲಂಗಿಗೆ ಜನನಾಥಪುರವೆಂಬ ಹೆಸರಾಯಿತು. ಒಂದು ನೂರು ವರ್ಷಗಳ ಮೇಲೆ, ೧೧೧೬ರಲ್ಲಿ, ಹೊಯ್ಸಳ ವಿಷ್ಣುವರ್ಧನನು ತನ್ನ ದಂಡನಾಯಕ ಗಂಗರಾಜನ ಮೂಲಕ ಚೋಳರನ್ನು ಹೊರದೂಡಿದನು. ಈ ಗೆಲುವು ಅವನಿಗೆ ಎಷ್ಟು ಪ್ರಿಯವಾಗಿತ್ತೆಂದರೆ ‘ತಲಕಾಡುಗೊಂಡ’ ಎಂಬ ಬಿರುದನ್ನು ತನ್ನ ಚಿನ್ನದ ನಾಣ್ಯಗಳ ಮೇಲೆ ಕನ್ನಡ ಅಕ್ಷರಗಳಲ್ಲಿ ಅಚ್ಚೊತ್ತಿಸಿದನು. ಇಲ್ಲಿ ಕೀರ್ತಿನಾರಾಯಣನ ದೇವಾಲಯವನ್ನು ಕಟ್ಟಿಸಿದನು. ಹದಿನಾಲ್ಕನೆಯ ಶತಮಾನದ ಮಧ್ಯದವರೆಗೆ ಊರು ಹೊಯ್ಸಳರಲ್ಲಿದ್ದು, ಆ ಬಳಿಕ ವಿಜಯನಗರದ ಅರಸರಿಗೆ ಅಧೀನರಾದವರ ಕೈಸೇರಿತು. ೧೬೩೪ರಲ್ಲಿ ಮೈಸೂರಿನ ದೊರೆಗಳ ವಶವಾಯಿತು.

ಇಷ್ಟು ಮಂದಿ ಅರಸರು ಹಂಬಲಿಸಿ ಗೆದ್ದ ಪಟ್ಟಣವು ಬಯಲು ಸೀಮೆಯ ಒಂದು ಮೂಲೆಯ ಕುಗ್ರಾಮವಾಗಿರಲಾರದು. ನೀರು, ಗದ್ದೆ, ವ್ಯಾಪಾರ, ಮಠಗಳು, ದೇವಾಲಯಗಳು ಎಲ್ಲವೂ ಇದ್ದ ರಾಜನಗರವೇ ಅದು. ಆ ನಗರವು ಕಣ್ಮರೆಯಾದುದಕ್ಕೆ ಜನರು ಕೊಡುವ ಕಾರಣವು ಎಲ್ಲರಿಗೂ ತಿಳಿದುದೇ ಆಗಿದೆ.

ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನು ಬೆನ್ನುಹುಣ್ಣಿನಿಂದ ನರಳಿ, ವೈದ್ಯೇಶ್ವರನಿಗೆ ಹರಕೆಯನ್ನು ಸಲ್ಲಿಸುವುದಕ್ಕಾಗಿ ತಲಕಾಡಿಗೆ ಬಂದಿದ್ದನು. ಮೈಸೂರಿನ ರಾಜಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ತಮ್ಮದನ್ನಾಗಿ ಮಾಡಿಕೊಂಡರು. ತಿರುಮಲರಾಯನ ಪತ್ನಿ ಅಲಮೇಲಮ್ಮನ ವಶದಲ್ಲಿ ಬೆಲೆಬಾಳುವ ಒಡವೆಗಳಿದ್ದುವು. ಅವುಗಳನ್ನು ರಂಗನಾಯಕಿ ಅಮ್ಮನವರಿಗೆ ವಾರದ ದಿನಗಳಲ್ಲಿ ಅಲಂಕಾರಕ್ಕೆ ಇಡುವ ಪದ್ಧತಿಯಿತ್ತು. ಒಡವೆಗಳನ್ನು ಒಪ್ಪಿಸಬೇಕೆಂದು ಆಳುಗಳು ಬರಲು, ಆಕೆಯು ಮುತ್ತಿನ ಮೂಗುತಿಯೊಂದನ್ನು ಮಾತ್ರ ಕಳುಹಿಸಿಕೊಟ್ಟು, ಮಿಕ್ಕ ಒಡವೆಗಳನ್ನು ಮಡಿಲಿನಲ್ಲಿ ಕಟ್ಟಿಕೊಂಡು ಓಡಿಹೋಗಿ, ಮಾಲಂಗಿಯ ಬಳಿ ಕಾವೇರಿಗೆ ಧುಮುಕಿದಳಂತೆ. ಧುಮುಕುವ ಮುನ್ನ, ತಲಕಾಡು ಮರಳು ಮುಚ್ಚಿಹೋಗಬೇಕೆಂದೂ, ಮಾಲಂಗಿಯಲ್ಲಿ ನೀರು ಸುಳಿದು ಮಡುವಾಗಬೇಕೆಂದೂ, ಮೈಸೂರಿನ ಅರಸರಿಗೆ ಸಂತಾನವಾಗಬಾರದೆಂದೂ ಶಪಿಸಿದಳೆಂದು ಪ್ರತೀತಿ.

ಈ ಕಥೆಯನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಸೋತವರ ಕಡೆಯ ಹೆಂಗಸೊಬ್ಬಳ ಸಂಕಟವು ಜನರ ನೆನಪಿನಲ್ಲಿ ನಾಲ್ಕು ನೂರು ವರ್ಷ ಬಾಳಿ ಉಳಿದಿದೆ. ಗೆದ್ದ ಅರಮನೆಯವರೇ ಆಕೆಯ ಪ್ರತಿಮೆಯನ್ನು ಇಟ್ಟು ಪೂಜಿಸುತ್ತ ಬಂದಿದ್ದಾರೆ. ಇಷ್ಟಲ್ಲದೆ, ಶಾಪದ ಮಾತಿನಲ್ಲಿ ಸೂಕ್ಷ್ಮವಾದ ಪ್ರಕೃತಿಜ್ಞಾನವೂ ಇದೆ. ನದಿಯು ತಿರುಗುವ ಎಡೆಯಲ್ಲಿ ಹೊರಬಾಗಿನ ಕಡೆ ನೀರಿನ ರಭಸವು ಹೆಚ್ಚು. ಅಲ್ಲಿ ದಂಡೆಯು ಕೊರೆದು, ತಳವು ಆಳವಾಗಿ, ಮಡುವಾಗುತ್ತದೆ. ಒಳಬಾಗಿನ ಕಡೆ ರಭಸವು ತಗ್ಗುವುದರಿಂದ, ನೀರು ಹೊತ್ತುತಂದ ಮರಳು ಅಲ್ಲಿಯೇ ಇಳಿದು ದಿನ್ನೆಯಾಗುತ್ತದೆ. ಒಂದು ದಂಡೆ ಮಡುವಾಗುವುದೂ ಎದುರು ದಂಡೆ ಮರಳಾಗುವುದೂ ಎರಡು ಬೇರೆ ಬೇರೆ ವಿಪತ್ತುಗಳಲ್ಲ, ಒಂದೇ ತಿರುವಿನ ಎರಡು ಮುಖಗಳು. ಶಾಪವನ್ನು ಮೊದಲು ಹೇಳಿದ ಬಾಯಿ ಯಾರದೇ ಆಗಿರಲಿ, ಆ ಬಾಯಿಗೆ ಕಾವೇರಿಯ ಗುಣವು ಚೆನ್ನಾಗಿ ತಿಳಿದಿತ್ತು.

ಆದರೆ ನದಿಯು ಅನಾದಿಕಾಲದಿಂದಲೂ ಅಲ್ಲಿ ತಿರುಗುತ್ತಲೇ ಇದ್ದಿತಲ್ಲವೆ? ಗಂಗರೂ ಚೋಳರೂ ಹೊಯ್ಸಳರೂ ಇದ್ದಾಗ ಊರನ್ನು ನುಂಗದ ಮರಳು ಆಮೇಲೆ ಏಕೆ ನುಂಗಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರ ದೃಷ್ಟಿಯು ಊರಿನಿಂದ ಮೇಲುಹೊಳೆಯ ಕಡೆಗೆ, ಹೆಮ್ಮಿಗೆಯ ಬಳಿಯಲ್ಲಿರುವ ಮಾಧವಮಂತ್ರಿಯ ಕಟ್ಟೆಯ ಕಡೆಗೆ ಹೊರಳಿದೆ.

ಮಾಧವಮಂತ್ರಿಯು ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮೊದಲ ಅರಸರ ಬಳಿ ಮಂತ್ರಿಯಾಗಿಯೂ ದಂಡನಾಯಕನಾಗಿಯೂ ಇದ್ದು ಬನವಾಸಿ, ಗೋವೆಗಳನ್ನು ಆಳಿದವನು. ಕಾವೇರಿಗೆ ಅಡ್ಡಲಾಗಿ ಹಾಕಿದ ಈ ಕಲ್ಲಿನ ಕಟ್ಟೆಯೂ ಅದರಿಂದ ಹೊರಟ ನಾಲೆಯೂ ಅವನ ಹೆಸರನ್ನೇ ಹೊತ್ತಿವೆ. ಹಳೆಯ ಕಾಲದ ಇಂತಹ ಕಟ್ಟೆಗಳು ಇಂದಿನ ಜಲಾಶಯಗಳಂತೆ ನದಿಯನ್ನು ಪೂರ್ತಿಯಾಗಿ ತಡೆದು ನಿಲ್ಲಿಸುವುದಿಲ್ಲ. ನೀರಿನ ಮಟ್ಟವನ್ನು ಕೆಲವು ಅಡಿ ಎತ್ತಿ, ನಾಲೆಯ ಬಾಯಿಗೆ ತಿರುಗಿಸಿ, ಹೆಚ್ಚಾದುದನ್ನು ತಲೆಯ ಮೇಲಿನಿಂದ ಹರಿಯಗೊಡುತ್ತವೆ. ನೆರೆಯ ಕಾಲದಲ್ಲಿ ಕಟ್ಟೆಯಿದ್ದ ಸುಳಿವೂ ತೋರದು. ಆದರೆ ಬೇಸಗೆಯಲ್ಲಿ, ನದಿಯಲ್ಲಿ ಇರುವ ಅಲ್ಪ ನೀರೂ ನಾಲೆಯ ಪಾಲಾಗಲು, ಕಟ್ಟೆಯ ಕೆಳಗೆ ಹೊಳೆಯ ಪಾತ್ರವು ಬರಿದಾಗುತ್ತದೆ.

ವಿಜ್ಞಾನಿ ಕೆ. ಎನ್. ಗಣೇಶಯ್ಯನವರು ೨೦೦೭ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ತಲಕಾಡಿನ ಶಾಪವನ್ನು ಈ ಬಗೆಯಿಂದಲೇ ಪರಿಶೀಲಿಸಿ, ಊರಿನ ಅವನತಿಗೆ ಕಟ್ಟೆಯು ಕಾರಣವೆಂಬ ವಾದವನ್ನು ಮಂಡಿಸಿದ್ದಾರೆ. ವಾದದ ತಿರುಳು ಸರಳವಾದುದು. ನೀರು ಹೊದಿಕೆಯಾಗಿದ್ದಾಗ ಮರಳಿಗೆ ಚಲನೆಯಿಲ್ಲ. ಒದ್ದೆಯ ಮರಳನ್ನು ಗಾಳಿಯು ಎತ್ತಲಾರದು. ಹೊದಿಕೆ ಸರಿದು, ಬಿಸಿಲಿಗೆ ಒಣಗಿದ ಮೇಲೆ ಅದು ಧೂಳಿನ ಅಣ್ಣನಾಗುತ್ತದೆ. ನೈರುತ್ಯದ ಗಾಳಿಯು ಬೀಸತೊಡಗಿದಾಗ ಹೊಳೆಯ ಪಾತ್ರದಿಂದ ಎದ್ದ ಮರಳು ಎಡದಂಡೆಯ ಊರಿನ ಕಡೆಗೇ ನಡೆಯಬೇಕು. ಗಾಳಿಗೆ ಎದುರಾದ ಇಳಿಜಾರಿನಲ್ಲಿ ಕಣಗಳು ಒಂದೊಂದಾಗಿ ಉರುಳುತ್ತ ನೆಗೆಯುತ್ತ ದಿಬ್ಬದ ನೆತ್ತಿಗೆ ಏರುತ್ತವೆ. ನೆತ್ತಿಯಿಂದ ಆಚೆಯ ಮರೆಗೆ ಜಾರಿ ಬೀಳುತ್ತವೆ. ಹಿಂದಿನ ಬದಿ ಸವೆದು ಮುಂದಿನ ಬದಿ ಬೆಳೆಯುತ್ತ, ದಿಬ್ಬವು ಇಡಿಯಾಗಿಯೇ ಮುಂದೆ ಸರಿಯುತ್ತದೆ. ಗೋಡೆಯೋ ಗುಡಿಯೋ ಅಡ್ಡ ಸಿಕ್ಕಿದರೆ ಅಲ್ಲಿ ನಿಂತು, ಮೇಲೇರಿ, ದಾಟಿ ನಡೆಯುತ್ತದೆ.

ಕಟ್ಟೆಯು ಎದ್ದುದು ಅಲಮೇಲಮ್ಮನು ನದಿಗೆ ಬೀಳುವುದಕ್ಕೆ ಎರಡು ಶತಮಾನಗಳಿಗಿಂತಲೂ ಹಿಂದೆ. ಈ ವಾದವನ್ನು ಒಪ್ಪಿದಲ್ಲಿ, ಆಕೆಯು ಶಪಿಸಿದಳೆನ್ನುವ ವೇಳೆಗೆ ಮರಳು ಆಗಲೇ ದಾರಿ ಹಿಡಿದಿತ್ತೆಂದು ಹೇಳಬೇಕಾಗುತ್ತದೆ. ನಿಧಾನವಾಗಿ ಬರುವ ವಿಪತ್ತಿಗೆ ಕಾರಣವನ್ನು ಹೇಳುವುದು ಕಷ್ಟ. ತಾತನು ಕಂಡುದನ್ನು ಮೊಮ್ಮಗನು ಕಂಡುದರೊಡನೆ ಕೂಡಿಸಿ ಲೆಕ್ಕ ಹಾಕುವವರು ಯಾರು? ಒಂದು ದಿನ, ಒಂದು ಗಳಿಗೆ, ಒಬ್ಬ ಹೆಂಗಸು, ಒಂದು ಮಾತು ಎಂದರೆ ಜನರಿಗೆ ನೆನಪಿನಲ್ಲಿಡಲು ಸುಲಭ. ಮಂತ್ರಿಯ ಹೆಸರು ನಾಲೆಯ ಪುಣ್ಯದೊಡನೆ ಉಳಿಯಿತು. ಮರಳಿನ ಪಾಪವು ಅಲಮೇಲಮ್ಮನ ತಲೆಗೆ ಬಂದಿತು.

ಹಾಗೆಂದು ಮಂತ್ರಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದೂ ಉಚಿತವಾಗಲಾರದು. ಮರಳು ಹಳೆಯ ಪಟ್ಟಣವನ್ನು ನುಂಗುತ್ತಿದ್ದಾಗಲೇ ಊರಿನ ಜನರಿಗೆ ಅನ್ನವನ್ನು ಕೊಟ್ಟುದು ಅದೇ ನಾಲೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪ್ರಕಟವಾದ ಗ್ಯಾಸೆಟಿಯರುಗಳು ಈ ವಿಚಿತ್ರವನ್ನು ಒಂದೇ ಉಸಿರಿನಲ್ಲಿ ಹೇಳುತ್ತವೆ: ಹಳೆಯ ಊರು ಸುಮಾರು ಒಂದು ಮೈಲಿ ಉದ್ದದ ಮರಳುಗುಡ್ಡಗಳ ಅಡಿಯಲ್ಲಿ ಪೂರ್ತಿಯಾಗಿ ಹೂತುಹೋಗಿದೆ, ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಮರಳಿನ ಕೆಳಗಿವೆ, ಆದರೂ ಮಾಧವಮಂತ್ರಿ ನಾಲೆಯ ಗದ್ದೆಗಳ ಸಮೃದ್ಧಿಯಿಂದ ಊರಿನ ಜನಸಂಖ್ಯೆಯು ಹೆಚ್ಚುತ್ತಿದೆ. ೧೯೦೧ರ ಜನಗಣತಿಯಲ್ಲಿ ಅಲ್ಲಿ ೩,೮೫೭ ಮಂದಿ ಇದ್ದರು.

ಆ ಗ್ಯಾಸೆಟಿಯರುಗಳಲ್ಲಿಯೇ ಇನ್ನೊಂದು ಸಂಗತಿಯು ಉಕ್ತವಾಗಿದೆ. ಅದು ಯಾವ ಪುರಾಣಕ್ಕಿಂತಲೂ ಮನಸ್ಸನ್ನು ಕಲಕತಕ್ಕದ್ದು. ಮರಳುಗುಡ್ಡಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಂತೆ, ಮುಖ್ಯವಾಗಿ ನೈರುತ್ಯ ಮಾರುತದ ಕಾಲದಲ್ಲಿ, ಊರಿನ ಮೇಲೆ ಬರುತ್ತಿದ್ದುವು; ಮೂರು ಕಡೆಯಿಂದಲೂ ಒತ್ತುತ್ತಿದ್ದುದರಿಂದ ನಿವಾಸಿಗಳು ಮನೆಗಳನ್ನು ಬಿಟ್ಟು ಮತ್ತೆ ಮತ್ತೆ ಒಳಗೆ ಸರಿಯಬೇಕಾಗುತ್ತಿತ್ತು. ವರ್ಷಕ್ಕೆ ಹತ್ತು ಅಡಿ ಎಂದರೆ ಒಂದು ಅಂಕಣದಷ್ಟೂ ಅಲ್ಲ. ಆದರೆ ಈ ವರ್ಷ ಹಿತ್ತಿಲು ಹೋಯಿತು, ಬರುವ ವರ್ಷ ಬಚ್ಚಲುಮನೆ, ಆಮೇಲೆ ದನದ ಕೊಟ್ಟಿಗೆ, ಆಮೇಲೆ ನಡುಮನೆ ಎಂದು ಲೆಕ್ಕ ಹಾಕಿದರೆ ಆ ಹತ್ತು ಅಡಿಯ ತೂಕವು ತಿಳಿದೀತು. ನೆರೆ ಬಂದರೆ ಇಳಿಯುತ್ತದೆ, ಬೆಂಕಿ ಬಿದ್ದರೆ ಆರುತ್ತದೆ. ಮರಳು ಬಂದರೆ ಹಿಂದಕ್ಕೆ ಹೋಗುವುದಿಲ್ಲ. ತೊಲೆ, ಕಂಬ, ಬಾಗಿಲುಗಳನ್ನು ಕಳಚಿಕೊಂಡು ಹೋಗಬಹುದು. ಹೆರಿಗೆಯಾದ ಕೋಣೆಯನ್ನೂ ತುಳಸಿಯ ಕಟ್ಟೆಯನ್ನೂ ಹೊತ್ತುಕೊಂಡು ಹೋಗಲಾದೀತೆ? ಹೀಗೆ ತಲೆಮಾರಿನಿಂದ ತಲೆಮಾರಿಗೆ ಸರಿಯುತ್ತ ಬಂದ ಆ ಮನೆಗಳ ಯಜಮಾನರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಆದರೂ ತಲಕಾಡನ್ನು ಉಳಿಸಿದವರು ಅವರೇ. ಪಟ್ಟಣವು ಹೂತುಹೋದರೂ ಊರು ಸಾಯದೆ ಇದ್ದುದು ಅವರು ಬಿಟ್ಟು ಓಡದೆ, ಬರಿಯ ಸರಿದು ನಿಂತುದರಿಂದ.

ಮರಳನ್ನು ಗೆದ್ದುದು ಕೊನೆಗೆ ಯಾವ ಗೋಡೆಯೂ ಅಲ್ಲ, ಬೇರು. ದಿಬ್ಬಗಳ ಮೇಲೆ ಸರ್ವೆ, ನೀಲಗಿರಿ ಮುಂತಾದ ಗಿಡಗಳನ್ನು ನೆಟ್ಟು ಬೆಳೆಸಿದುದರಿಂದ ಗಾಳಿಯ ವೇಗವು ತಗ್ಗಿ, ಮರಳಿನ ನಡೆಯು ಹತೋಟಿಗೆ ಬಂದಿತು. ಇಂದು ಯಾತ್ರಿಕರು ಈ ಮರಗಳ ನೆರಳಿನಲ್ಲಿ ಕಾಲು ಹೂಳುವ ಮರಳನ್ನು ತುಳಿಯುತ್ತ ಗುಡಿಯಿಂದ ಗುಡಿಗೆ ನಡೆಯುತ್ತಾರೆ.

ಮರಳಿನಡಿಯಿಂದ ಹೊರತೆಗೆದ ಗುಡಿಗಳಲ್ಲಿ ವಿಷ್ಣುವರ್ಧನನ ಕೀರ್ತಿನಾರಾಯಣ ದೇವಾಲಯವು ಮುಖ್ಯವಾದುದು. ಮರಳು ತನ್ನೊಳಗೆ ಸೇರಿದುದನ್ನು ಒತ್ತಿ ಮುಚ್ಚಿದರೂ ಮುರಿಯಲಿಲ್ಲವೆಂಬುದಕ್ಕೆ ಅದು ಸಾಕ್ಷಿಯಾಗಿದೆ. ೧೯೯೨–೯೩ರಲ್ಲಿ ಕರ್ನಾಟಕ ಸರಕಾರದ ಪುರಾತತ್ತ್ವ ಇಲಾಖೆಯವರು ಇಲ್ಲಿ ಕ್ರಮವಾದ ಉತ್ಖನನವನ್ನು ನಡೆಸಿ ವರದಿಯನ್ನೂ ಪ್ರಕಟಿಸಿದರು. ತಲಕಾಡಿಗೆ ಮೇಲುಹೊಳೆಯಲ್ಲಿರುವ ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ೧೯೫೯ರಿಂದ ಮುಂದೆ ನಡೆಸಿದ ಅಗೆತದಲ್ಲಿ ನವಶಿಲಾಯುಗದ ಜನರ ನೆಲೆಯು ಪತ್ತೆಯಾಗಿತ್ತು. ಗಂಗರು ಬರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಮನುಷ್ಯನು ಈ ನೀರಿನ ದಂಡೆಯನ್ನು ನಂಬಿ ಬದುಕಿದ್ದನೆಂದು ಇದರಿಂದ ತಿಳಿಯುತ್ತದೆ.

ಪಂಡಿತರ ಅಗೆತಕ್ಕಿಂತ ಹಳೆಯದಾದ, ಜನರೇ ನಡೆಸಿಕೊಂಡು ಬಂದ ಅಗೆತವೊಂದು ತಲಕಾಡಿನಲ್ಲಿದೆ. ಅದೇ ಪಂಚಲಿಂಗ ದರ್ಶನ. ಕಾರ್ತಿಕಮಾಸದ ಅಮಾವಾಸ್ಯೆಯು ಸೋಮವಾರದಂದು ಬಂದು, ಸೂರ್ಯನು ವೃಶ್ಚಿಕ ರಾಶಿಯಲ್ಲಿದ್ದು, ನಕ್ಷತ್ರವೂ ಕೂಡಿಬಂದರೆ ಅದು ಕುಹಯೋಗವೆನಿಸುತ್ತದೆ. ಆ ದಿನ ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಎಂಬ ಐದು ಲಿಂಗಗಳನ್ನು ದರ್ಶನ ಮಾಡುವುದು ಮಹಾಪುಣ್ಯವೆಂದು ನಂಬಿಕೆ. ಯೋಗವು ಹನ್ನೆರಡು ವರ್ಷಗಳಿಗೆ ಒಮ್ಮೆ ಎಂಬುದು ಬರಿಯ ವಾಡಿಕೆಯ ಮಾತು; ೧೯೯೩, ೨೦೦೬, ೨೦೦೯, ೨೦೧೩, ೨೦೨೦ ಎಂದು ಅದು ಪಂಚಾಂಗದ ಲೆಕ್ಕದಂತೆ ಬಂದು ಹೋಗಿದೆ. ಪಾತಾಳೇಶ್ವರ, ಮರುಳೇಶ್ವರರ ಗುಡಿಗಳು ಮರಳಿನ ಮಟ್ಟಕ್ಕಿಂತ ಬಹಳ ಕೆಳಗಿವೆ. ಹಬ್ಬಕ್ಕೆ ಮುಂಚೆ ಸುತ್ತಣ ಮರಳನ್ನು ತೆಗೆಸಿ ದಾರಿಯನ್ನು ಬಿಡಿಸುವುದು ಹಿಂದಿನಿಂದ ನಡೆದುಬಂದ ಕ್ರಮ. ಹೀಗೆ, ಗಾಳಿಯು ತುಂಬಿದುದನ್ನು ಭಕ್ತಿಯು ತೋಡುತ್ತ ಬಂದಿರದಿದ್ದರೆ, ಈ ಗುಡಿಗಳಿದ್ದ ಎಡೆಯು ಸಹ ಮರೆತುಹೋಗುತ್ತಿತ್ತೋ ಏನೋ. ಮೆಟ್ಟಿಲಿಳಿದು ಪಾತಾಳೇಶ್ವರನ ಮುಂದೆ ನಿಂತ ಯಾತ್ರಿಕನು ನಿಜವಾಗಿ ನಿಂತಿರುವುದು ಹಳೆಯ ಊರಿನ ನೆಲದ ಮೇಲೆ. ಆ ದೇವರು ಪಾತಾಳಕ್ಕೆ ಇಳಿದವನಲ್ಲ. ಭೂಮಿಯೇ ಅವನ ತಲೆಯ ಮೇಲಕ್ಕೆ ಏರಿದೆ.

ಈಗ ಕಾವೇರಿಗೆ ಮೇಲುಗಡೆ ಕನ್ನಂಬಾಡಿಯ ಕಟ್ಟೆಯೂ, ಕಪಿಲೆಗೆ ಬೀಚನಹಳ್ಳಿಯ ಕಟ್ಟೆಯೂ ಎದ್ದು ನಿಂತಿವೆ. ಮಾಧವಮಂತ್ರಿಯ ಕಟ್ಟೆಯೊಡನೆ ಹೋಲಿಸಿದರೆ ಇವು ಬೆಟ್ಟಗಳೇ ಸರಿ. ಇವುಗಳಿಂದ ಬಂದಿರುವ ಅನ್ನ, ಬೆಳಕು, ಕುಡಿಯುವ ನೀರುಗಳನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ದೊಡ್ಡ ಕಟ್ಟೆಯು ನೀರಿನೊಡನೆ ಮರಳನ್ನೂ ತಡೆಯುತ್ತದೆ. ನೆರೆಯ ಕಾಲವನ್ನೂ ಬರದ ಕಾಲವನ್ನೂ ತನ್ನ ಬಾಗಿಲುಗಳಿಂದ ನಿರ್ಣಯಿಸುತ್ತದೆ. ಅದರ ಫಲವನ್ನು ಕೆಳಗಿನ ಊರುಗಳು ಕಾಣುವುದು ಕಟ್ಟಿದವರ ಕಾಲದಲ್ಲಿ ಅಲ್ಲ. ಮಾಧವಮಂತ್ರಿಯು ಬದುಕಿದ್ದಾಗ ಅವನ ಕಟ್ಟೆಯ ಕೆಳಗೆ ಹಸಿರು ಗದ್ದೆಗಳು ಮಾತ್ರ ಕಂಡಿರಬೇಕು. ಹೊಳೆಯನ್ನು ಮುಟ್ಟುವ ಕೆಲಸಕ್ಕೆ ಲೆಕ್ಕವನ್ನು ಒಪ್ಪಿಸಬೇಕಾದವರು ಬಹಳ ತಡವಾಗಿ ಹುಟ್ಟುತ್ತಾರೆ. ಅಷ್ಟರಲ್ಲಿ ಲೆಕ್ಕವು ಕಥೆಯಾಗಿರುತ್ತದೆ.

ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳನ್ನು ಕೈಯಿಂದ ತೋಡಿ ಒರತೆಯನ್ನು ಮಾಡಿ ಕುಡಿಯುವುದು ಕನ್ನಡನಾಡಿನ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದ ವಾಡಿಕೆ. ಮೇಲೆ ಸುಡುವ ಮರಳು, ಒಂದು ಮೊಳ ಕೆಳಗೆ ತಣ್ಣನೆಯ ತಿಳಿನೀರು. ತಲಕಾಡಿನ ಚರಿತ್ರೆಯನ್ನೂ ಇದೇ ರೀತಿಯಲ್ಲಿ ತೋಡಿ ತಿಳಿಯಬೇಕಾಗಿದೆ. ಶಾಪದ ಕಥೆಯನ್ನು ಬಿಸುಡಬೇಕಾದುದಿಲ್ಲ. ಅದನ್ನು ಸ್ವಲ್ಪ ಸರಿಸಿ ನೋಡಿದಲ್ಲಿ, ಕೆಳಗೆ ನದಿಯ ತಿರುವೂ, ಮಂತ್ರಿಯ ಕಟ್ಟೆಯೂ, ವರ್ಷಕ್ಕೆ ಹತ್ತು ಅಡಿ ಹಿಂದಕ್ಕೆ ಸರಿದ ಹೆಸರಿಲ್ಲದ ಸಂಸಾರಗಳೂ ಕಾಣಿಸುತ್ತವೆ. ಅಲಮೇಲಮ್ಮನಿಗೆ ಸಲ್ಲಬೇಕಾದುದು ಕನಿಕರ; ಮರಳಿನ ಹೊಣೆಯನ್ನು ಇನ್ನಾದರೂ ಆಕೆಯ ಮಡಿಲಿನಿಂದ ಇಳಿಸುವುದು ನ್ಯಾಯ.